ಚಂದಾದಾರನಿಂದ ಅನುಯಾಯಿಗೆ ಬಡ್ತಿ

ಮಿತ್ರರೇ, ಇಂದು ಬೆಳಿಗ್ಗೆ ಸಿದ್ದಾಪುರದ ಬಸ್ ನಿಲ್ದಾಣದಲ್ಲಿ ನನ್ನ ಮೆಚ್ಚಿನ ಲೇಖಕಿಯೇ ನನ್ನನ್ನು ತಡೆದು ನಿಲ್ಲಿಸಿದಳು. ಯಲ್ಲಾಪುರದ ನಸೀಮಾ ನಮ್ಮ ಸೀಮೆಯ ಹಳೆಯ ಬಾವಿಗಳ ಕುರಿತು ಒಂದು ಆ್ಯಪ್‌ನಲ್ಲಿ ಬರೆದು, ವಾರಕ್ಕೊಮ್ಮೆ ಓದುಗರಿಗೆ ಇ-ಮೇಲ್ ಮೂಲಕ ಕಳುಹಿಸುತ್ತಾಳೆ.

“ಅಜ್ಜಾರೇ, ಬಿಳಗಿ ಬಾವಿ ಬಗ್ಗೆ ಬರ್ದಿದ್ದು ಅಷ್ಟು ಕೆಟ್ಟದಾಗಿತ್ತಾ? ಓದಿದ ದಿನವೇ ಸಬ್‌ಸ್ಕ್ರಿಪ್ಶನ್ ಬಿಟ್ರಲ್ಲ! ಇನ್ನು ಬರೆಯೋದೇ ಬೇಡ ಅನ್ನಿಸ್ಬಿಡ್ತು.”

ನಾನು ಗಾಬರಿಯಾದೆ. “ಬಿಟ್ಟಿದ್ದಲ್ಲ ಮಾರಾಯ್ತಿ! ಚಂದಾದಾರ ಅಂದ್ರೆ ಬರೀ ಗಿರಾಕಿ. ಆ ಲೇಖನ ಓದಿ ಕೈ ಮುಗಿದು, ಚಂದಾ ರದ್ದು ಮಾಡಿ ‘ಫಾಲೋ’ ಒತ್ತಿದೆ. ನಿನ್ನ ಅನುಯಾಯಿ ಆದೆ!”

ಅವಳು ನಕ್ಕ ರಭಸಕ್ಕೆ ಕಂಡಕ್ಟರನೂ ತಿರುಗಿ ನೋಡಿದ. “ಅಯ್ಯೋ, ಫಾಲೋ ಮಾಡಿದ್ರೆ ಆ್ಯಪ್ ತೆರೆದಾಗ ಕಣ್ಣಿಗೆ ಬಿದ್ರೆ ಬಿತ್ತು, ಅಷ್ಟೇ. ಸಬ್‌ಸ್ಕ್ರೈಬ್ ಆದ್ರೆ ಮಾತ್ರ ನಿಮ್ಮ ಮೇಲ್‌ಗೇ ಬರ್ತದೆ.”

ಬಾವಿಯ ಒಂದೊಂದು ಕಲ್ಲನ್ನೂ ಕಣ್ಣೆದುರು ಜೋಡಿಸಿಡುವ ಆ ಸುಂದರ ಗದ್ಯವು ನನ್ನ ಭಕ್ತಿಯ ದೆಸೆಯಿಂದಲೇ ನಿಂತುಹೋಗುವುದರಲ್ಲಿತ್ತು! ನಿಂತಲ್ಲೇ ಮರಳಿ ಚಂದಾದಾರನಾದೆ.

ಗುರುವಿನ ಹಿಂದೆ ಶಿಷ್ಯನು ನಡೆಯಬೇಕೆಂದು ಕಲಿತವನು ನಾನು. ಗುರುವೇ ಶಿಷ್ಯನ ಮನೆಬಾಗಿಲಿಗೆ ಬರುವ ಈ ಸಂಪ್ರದಾಯ ರೂಢಿಯಾಗಲು ತುಸು ಕಾಲಾವಕಾಶ ಬೇಕು.