ಅತ್ತಿಗೆಯ ಎರಡನೇ ಗೆರೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಗೆರೆಯಕ್ಕ ಎಂದು. ಬೆಳಿಗ್ಗೆ ಬಾಗಿಲು ತಳ್ಳಿಕೊಂಡು ಬಂದವಳೇ ಕೇಳುವ ಮೊದಲ ಮಾತು, "ಗೆರೆ ಎಷ್ಟು ಬಂತು?" ಗರ್ಭಕಂಠದ ಕ್ಯಾನ್ಸರನ್ನು ಅದು ಬೇರೂರುವ ಮೊದಲೇ ಹಿಡಿದುಕೊಡುವ ಅಗ್ಗದ ಕಾಗದದ ಪಟ್ಟಿಯೊಂದನ್ನು ಅವಳು ತಯಾರಿಸುತ್ತಿದ್ದಳು. ಹೆಂಗಸು ತಾನೇ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಕೊಟ್ಟರಾಯಿತು, ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಉತ್ತರ. ಒಂದು ಗೆರೆ ಬಂದರೆ ನಿಶ್ಚಿಂತೆ, ಎರಡು ಬಂದರೆ ವೈದ್ಯರ ಹತ್ತಿರ ಓಡಬೇಕು. ದೊಡ್ಡ ಯಂತ್ರ ಕೊಳ್ಳಲಾಗದ ಸಣ್ಣ ಆಸ್ಪತ್ರೆಗಳಿಗೆ ಇದನ್ನು ಮುಟ್ಟಿಸಿಯೇ ತೀರುತ್ತೇನೆ ಎಂದು ಹಟ ಹಿಡಿದಿದ್ದಳು.

ಪಟ್ಟಿಯನ್ನು ಪರೀಕ್ಷಿಸಲು ರೋಗಿಗಳ ಮಾದರಿಯಂತೆ ಆರೋಗ್ಯವಂತರದೂ ಬೇಕು. ಅದಕ್ಕೆ ಅಣ್ಣನ ಹೆಂಡತಿಯನ್ನು ಹಿಡಿದಳು. ಅತ್ತಿಗೆ ಬಟ್ಟೆ ಹೊಲಿಯುವವಳು, ನೆಗಡಿಯೂ ಹತ್ತಿರ ಸುಳಿಯದ ಗಟ್ಟಿ ಜೀವ. "ನಿನ್ ಕಡ್ಡಿಗೆ ನಾನೊಬ್ಳೇ ಸಿಕ್ಕಿದ್ನಾ ತಾಯಿ?" ಎಂದು ನಗುತ್ತಲೇ ಕೊಟ್ಟಳು.

ಎರಡು ಗೆರೆ ಬಂತು.

ಗೆರೆಯಕ್ಕನಿಗೆ ಸಿಟ್ಟು ನೆತ್ತಿಗೇರಿದ್ದು ಪಟ್ಟಿಯ ಮೇಲೆ. ಇದು ವಿಪರೀತ ಚುರುಕಾಗಿದೆ, ಇಲ್ಲದ್ದನ್ನೂ ತೋರಿಸುತ್ತಿದೆ ಎಂದುಕೊಂಡಳು. ಪಾಪ, ಪಟ್ಟಿಗೇನು ಗೊತ್ತು ಯಾರು ಅತ್ತಿಗೆ, ಯಾರು ನಾದಿನಿ ಎಂದು! ಗೆರೆ ಮೂಡಿಸುವ ದ್ರಾವಣವನ್ನು ವಾರಗಟ್ಟಲೆ ತೆಳುಮಾಡುತ್ತಾ ಹೋದಳು. ಕೊನೆಗೊಂದು ಬೆಳಿಗ್ಗೆ ಅತ್ತಿಗೆಯ ಎರಡನೇ ಗೆರೆ ಮಾಯವಾಯಿತು. ಅವಳು ಖುಷಿಯಲ್ಲಿ ಎಲ್ಲರಿಗೂ ಚಹಾ ತರಿಸಿದಳು.

ಅದೇ ಮಧ್ಯಾಹ್ನ, ರೋಗ ಖಚಿತವಾಗಿದ್ದ ಹೆಂಗಸೊಬ್ಬಳ ಮಾದರಿ ಆಸ್ಪತ್ರೆಯಿಂದ ಬಂತು. ಹೊಸ ಪಟ್ಟಿಗೆ ಹಾಕಿದರೆ ಅಲ್ಲೂ ಒಂದೇ ಗೆರೆ. ಗೆರೆಯಕ್ಕ ಕಪಾಟಿನತ್ತ ಓಡಿದಳು. ಹಳೆಯ ಪಟ್ಟಿ ತೆಗೆದು ಅದೇ ಮಾದರಿ ಹಾಕಿದಳು, ಎರಡು. ಜೊತೆಗೆ ಕೆಲಸ ಮಾಡುವ ಹೆಂಗಸರೆಲ್ಲ ತಮ್ಮ ತಮ್ಮ ಮಾದರಿ ಕೊಟ್ಟರು, ಅದೇ ಹಳೆಯ ಪಟ್ಟಿಯಲ್ಲಿ ಎಲ್ಲರದೂ ಒಂದೇ ಗೆರೆ. ಹಳೆಯ ಪಟ್ಟಿ ಸುಳ್ಳು ಹೇಳಿರಲಿಲ್ಲ. ಅತ್ತಿಗೆಯ ಮೇಲಿನ ಪ್ರೀತಿಗೆ ಇವಳೇ ಅದರ ಕಣ್ಣು ಕಟ್ಟಿದ್ದಳು.

ನೇರ ಹೊಲಿಗೆ ಕೋಣೆಗೆ ಹೋಗಿ ಮುಚ್ಚುಮರೆಯಿಲ್ಲದೆ ಹೇಳಿದಳು. ಮಷೀನು ತುಳಿಯುತ್ತಿದ್ದ ಅತ್ತಿಗೆಯ ಕಾಲು ನಿಂತಿತು.

"ಕ್ಯಾನ್ಸರ್ರಾ?"

"ಇನ್ನೂ ಆಗಿರ್ಲಿಕ್ಕಿಲ್ಲ. ಆದ್ರೆ ನಾಳೇನೇ ತೋರಿಸ್ಬೇಕು. ತಪ್ಪು ನಂದು ಅತ್ತಿಗೆ, ಇಷ್ಟು ದಿನ ಸುಮ್ನೆ ಹಾಳು ಮಾಡ್ದೆ."

ಮರುದಿನ ಕೈಹಿಡಿದು ಕರೆದೊಯ್ದಳು. ಕ್ಯಾನ್ಸರಿಗೆ ತಿರುಗುವ ಮುಂಚಿನ ಹಂತ ಎಂದು ಖಚಿತಪಡಿಸಿಕೊಂಡ ವೈದ್ಯೆ, ಕೆಟ್ಟಿದ್ದ ಆ ಚೂರನ್ನು ತೆಗೆದುಹಾಕಿದರು. ಗೆರೆಯಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು. ಆಮೇಲೆ ಹೋಗಿ ದ್ರಾವಣವನ್ನು ಮೊದಲಿನ ಹದಕ್ಕೆ ತಂದಳು. ಇನ್ನು ಯಾರಿಗಾಗಿಯೂ ಅದನ್ನು ತೆಳುಮಾಡುವುದಿಲ್ಲ ಎಂದು ನಿಶ್ಚಯಿಸಿದಳು.

ಚೇತರಿಸಿಕೊಂಡ ಅತ್ತಿಗೆ ಒಂದು ದಿನ ಪ್ರಯೋಗಾಲಯಕ್ಕೇ ಬಂದಳು.

"ಒಂದ್ ಮಾತು ಕೇಳ್ಲಾ? ಚೆನ್ನಾಗಿರೋರ್ದು ಬೇಕು ಅಂತ ನನ್ನ ಹಿಡ್ಕೊಂಡೆ. ನಿಂದೇ ಹಾಕ್ಬೋದಿತ್ತಲ್ಲ? ಇವತ್ತಿನ ತನಕ ಯಾಕೆ ಹಾಕಿಲ್ಲ?"

ಊರ ಹೆಂಗಸರಿಗೆಲ್ಲ ಹೆದರಬೇಡಿ ಎಂದು ಹೇಳಿ ಹೇಳಿ ಗಂಟಲು ಹರಿದುಕೊಂಡವಳು ಮೇಜಿನ ಮೇಲಿನ ಪಟ್ಟಿಗಳನ್ನು ಜೋಡಿಸತೊಡಗಿದಳು.

"ಹೆದ್ರಿಕೆ, ಅತ್ತಿಗೆ," ಎಂದಳು.

ಅತ್ತಿಗೆ ಗದರಲಿಲ್ಲ. ಮೇಜಿನ ಮೇಲಿದ್ದ ಒಂದು ಹತ್ತಿಕಡ್ಡಿ ತೆಗೆದು ಅವಳ ಕೈಗಿಟ್ಟಳು.

"ಹೋಗ್ಬಾ. ಗೆರೆ ಬರೋ ತನಕ ನಾನ್ ಇಲ್ಲೇ ಕೂತಿರ್ತೀನಿ."