ಕುಂಕುಮ ಹಚ್ಚಿದ ಚಿತ್ರ

ಅವತ್ತು ಮೊದಲು ನಕ್ಕವರು ಮಾವನೋ ಅತ್ತೆಯೋ, ನನಗೆ ಖಾತ್ರಿಯಿಲ್ಲ. ಯಾರೂ ನಗಲಿಲ್ಲ ಎನ್ನುತ್ತಾಳೆ ಹೆಂಡತಿ. ಅವಳು ಅಲ್ಲಿರಲೇ ಇಲ್ಲ ಎಂದು ನನ್ನ ನೆನಪು.

ಮಾವ, ಅಂದರೆ ಅವಳ ತಂದೆ, ವಿಜಯಪುರದಿಂದ ಬಂದು ಪುಣೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅವರ ಮೇಜಿನ ಹಿಂದೆ ದೊಡ್ಡದೊಂದು ಚಿತ್ರವಿತ್ತು: ನೀಲಿಯ ಮೇಲೆ ಹಳದಿ ಪಟ್ಟಿಗಳು, ಅಷ್ಟೆ. ಕಚೇರಿ ಮುಚ್ಚಿದಾಗ ಅದು ಅದೇ ಊರಿನ ಶಿವಾಜಿನಗರದ ಆಧುನಿಕ ಕಲಾ ಸಂಗ್ರಹಾಲಯದ ಶಾಶ್ವತ ಸಂಗ್ರಹಕ್ಕೆ ಸೇರಿತು. ಒಂದು ಪ್ರದರ್ಶನಕ್ಕೆ ಅದನ್ನು ಗೋಡೆಗೆ ಹಾಕಿದ್ದಾರೆಂದು ತಿಳಿದದ್ದೇ ಮಾವ ಇಸ್ತ್ರಿ ಅಂಗಿ ತೊಟ್ಟು ಅತ್ತೆಯನ್ನೂ ನನ್ನನ್ನೂ ಹೊರಡಿಸಿದರು. ತಾವು ಎಂಥ ಚಿತ್ರದ ಕೆಳಗೆ ಕೂತು ಕೆಲಸ ಮಾಡಿದ್ದೆಂದು ಅತ್ತೆಗೆ ತೋರಿಸಬೇಕಿತ್ತು.

ಚಿತ್ರ ಕಂಡೊಡನೆ ಅವರ ಮುಖ ಸಣ್ಣದಾಯಿತು.

“ತಲಿಕೆಳಗ ಹಾಕ್ಯಾರ.”

“ಇದಕ್ಕ ತಲಿ ಎಲ್ಲಿ ಅದರೀ?” ಎಂದರು ಅತ್ತೆ.

“ಚೌಕಟ್ಟು ನೋಡು. ಖಂಡೇನವಮಿ ಪೂಜಾದಾಗ ಟೈಪ್‌ರೈಟರಿಗೆ, ಕಪಾಟಿಗೆ, ಇದಕ್ಕೂ ನಾನೇ ಕುಂಕುಮ ಹಚ್ಚತಿದ್ದೆ. ಕೈಗೆ ನಿಲುಕೋದು ಕೆಳಗಿನ ಪಟ್ಟಿ. ಈಗ ಕುಂಕುಮ ಮ್ಯಾಲೆ ಅದ!”

ಚೌಕಟ್ಟಿನ ಮೇಲಿನ ಪಟ್ಟಿಯಲ್ಲಿ ಕೆಂಪು ಕಲೆಯೇನೋ ಇತ್ತು. ವಾರ್ನಿಷ್ ಇರಬಹುದು ಎಂದುಕೊಂಡೆ.

ಸಂಗ್ರಹ ನೋಡಿಕೊಳ್ಳುವ ತರುಣಿ ಬಂದಳು. “ಮ್ಯಾಡಮ್, ಹೇ ಉಲಟಾ ಆಹೇ,” ಎಂದು ಮಾವ ಮರಾಠಿಯಲ್ಲಿ ದೂರಿದರು. ಅವಳು ಮೆಲ್ಲಗೆ ವಿವರಿಸಿದಳು: ಮೇಲಿನ ದಿಕ್ಕು ಯಾವುದೆಂದು ಕಲಾವಿದರೇ ಕ್ಯಾನ್ವಾಸಿನ ಹಿಂದೆ ಬಾಣ ಎಳೆದಿದ್ದಾರೆ, ಅದರಂತೆಯೇ ಹಾಕಿದ್ದೇವೆ, ಉಲ್ಟಾ ಇದ್ದದ್ದು ನಿಮ್ಮ ಕಚೇರಿಯಲ್ಲಿ.

ಮಾವ ಮತ್ತೆ ಆ ಕೆಂಪು ಕಲೆಯತ್ತ ಕತ್ತೆತ್ತಿದರು. ಅತ್ತೆ ಬಿಡಲಿಲ್ಲ.

“ಇಷ್ಟು ಮಂದಿ ಇದ್ದಿರಿ, ಒಬ್ಬರಿಗೂ ಗೊತ್ತಾಗಲಿಲ್ಲೇನ್ರಿ?”

“ಇಲ್ಲ ನೋಡು. ಪೂಜಾ ಮಾತ್ರ ಒಂದ್ ವರ್ಷನೂ ತಪ್ಪಿಸಿಲ್ಲ.” ತುಸು ತಡೆದು, “ಹಂಗೂ ಭಾಳ ಚಂದ ಕಾಣತಿತ್ತು,” ಎಂದರು.

ಅತ್ತೆ ಸೆರಗು ಬಿಗಿಹಿಡಿದು, ಸೊಂಟ ಬಗ್ಗಿಸಿ, ತಲೆಯನ್ನು ಒಂದು ಕಡೆಗೆ ವಾಲಿಸಿ ನೋಡಿದರು. “ಹಿಂಗಿತ್ತೇನ್ರಿ?”

“ಇನ್ನೊಂಚೂರು ಬಗ್ಗು.”

ಆಗಲೇ ಯಾರೋ ನಕ್ಕದ್ದು. ತರುಣಿಯೂ ಇರಬಹುದು. ಮಾವ ಬೆಂಚಿನ ಮೇಲೆ ಕೂತು ತಮ್ಮ ಚಿತ್ರವನ್ನು ಹೊಸದಾಗಿ ನೋಡತೊಡಗಿದರು. ನಾವು ಎಬ್ಬಿಸುವವರೆಗೂ ಏಳಲಿಲ್ಲ.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಬಾಣ ಎಳೆದವನು ಚೌಕಟ್ಟು ಕಟ್ಟುವವನೇ ಯಾಕಾಗಿರಬಾರದು? ಚಿತ್ರ ಇಳಿಸುವ ದಿನ ಕೇಳಿಕೊಂಡು ಹೋಗಿ ಅದರ ಬೆನ್ನು ನೋಡಿದೆ. ಬಾಣವಿದೆ. ಅದನ್ನು ಎಳೆದಿರುವುದು ಚಿತ್ರದ ಮುಂಬದಿಯ ಪಟ್ಟಿಗಳ ಅದೇ ಹಳದಿ ಬಣ್ಣದಲ್ಲಿ.