ತುಪ್ಪ ಬಿಡ್ಲಾ?

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಅಡುಗೆಗಿಂತ ಮೊದಲು ಬಡಿಸುವುದನ್ನು ಕಲಿಸುತ್ತಿದ್ದರು. ಒಲೆಯ ಹತ್ತಿರ ಬಿಟ್ಟುಕೊಳ್ಳಲು ಒಂದು ವಯಸ್ಸಾಗಬೇಕು, ಎಲೆಯ ಮುಂದೆ ಬಗ್ಗಲು ಕೈ ನಡುಗದಿದ್ದರೆ ಸಾಕು ಎಂಬುದು ಅಮ್ಮನ ಅಭಿಪ್ರಾಯ. ಮೊದಲು ನೀರು, ಆಮೇಲೆ ಉಪ್ಪು, ಪಲ್ಯ, ಅನ್ನ ಹೀಗೆ ಒಂದೊಂದೇ ಕೈಗೆ ಬರುತ್ತಿತ್ತು. ತುಪ್ಪದ ಮಿಳ್ಳೆ ಎಲ್ಲಕ್ಕಿಂತ ಕೊನೆಗೆ. ಐದನೇ ಕ್ಲಾಸು ಮುಗಿಯುವ ಹೊತ್ತಿಗೆ ನಾನು ಮಿಳ್ಳೆಯವರೆಗೆ ಬಂದಿದ್ದೆ. ಅದರ ಜಂಬ ನನಗೆ ಚೆನ್ನಾಗಿಯೇ ಇತ್ತು.

ಬಡಿಸುವಾಗ ಆಡುವ ಮಾತನ್ನೂ ಅಮ್ಮನೇ ಹೇಳಿಕೊಟ್ಟಿದ್ದಳು.

"ಬೇಕಾ ಅಂತ ಕೇಳಬ್ಯಾಡ ಪಾಪಾ. ಬಂದೋರು ನಾಚ್ಕೊಂಡು ಕೂಚ್ಚಪಟ್ಕೊಂಡು ಬೇಡ ಅಂದ್ಬಿಡ್ತಾರೆ. ಅನ್ನಕ್ಕೆ ತುಪ್ಪ ಬಿಡ್ಲಾ ಅಂತ ಕೇಳು. ಬೇಡ ಅಂದ್ರೂ ಇನ್ನೊಂದು ದಪಾ ಕೇಳು."

ಆಗ ನಾವು ಕೊಯಮತ್ತೂರಿನ ಆರ್.ಎಸ್. ಪುರಂನ ಒಂದು ಹಳೆಯ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಅಪ್ಪ ದಿನಾ ಬಸ್ಸು ಹಿಡಿದು ಕುರಿಚಿಯ ಕಾರ್ಖಾನೆಗೆ ಹೋಗುತ್ತಿದ್ದರು. ಮುಂಭಾಗದಲ್ಲಿದ್ದ ಮನೆಯ ಒಡತಿಯನ್ನು ನಾವೆಲ್ಲ ಆತ್ತಾ ಎಂದು ಕರೆಯುತ್ತಿದ್ದೆವು. ತಮಿಳಿನವರು, ಗಂಡ ಇಲ್ಲದವರು, ಮಡಿ ಅಲ್ಲದಿದ್ದರೂ ಶುಚಿಯ ವಿಷಯದಲ್ಲಿ ಬಲು ಬಿಗಿ. ಮಧ್ಯಾಹ್ನ ನಮ್ಮ ಜಗುಲಿಗೆ ಬಂದು, ಪಕ್ಕದಲ್ಲಿ ಉಗುಳಲು ಹಿತ್ತಾಳೆಯ ಪೀಕದಾನಿ ಇಟ್ಟುಕೊಂಡು, ಎಲೆಅಡಿಕೆ ಹಾಕುತ್ತ ಅಮ್ಮನ ಜೊತೆ ಲೋಕಾಭಿರಾಮ ಮಾತಾಡುತ್ತಿದ್ದರು. ಆದರೆ ಹೊಸ್ತಿಲು ದಾಟುತ್ತಿರಲಿಲ್ಲ. ಕಾಫಿ ಕೊಟ್ಟರೆ ಈಗಷ್ಟೇ ಆಯಿತು ಎನ್ನುತ್ತಿದ್ದರು. ನಮ್ಮ ಹಿರಿಯರು ಕೊಯಮತ್ತೂರಿನ ನೀರು ಕುಡಿಯಲು ಶುರುಮಾಡಿ ಎಷ್ಟು ತಲೆಮಾರಾಯಿತೋ ಗೊತ್ತಿಲ್ಲ, ಬೀದಿಯವರ ಬಾಯಲ್ಲಿ ಮಾತ್ರ ನಮ್ಮದು ಕನ್ನಡಕ್ಕಾರರ ಮನೆ. ಆತ್ತಾ ಒಂದು ಸಲ ಒಳಗೆ ಬಂದು ಎಲೆಯ ಮುಂದೆ ಕೂತರೆ ಅದೆಲ್ಲ ಸರಿಹೋಗುತ್ತದೆ ಎಂದು ಅಮ್ಮ ನಂಬಿಕೊಂಡಿದ್ದಳು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ವಿಶೇಷದ ಅಡುಗೆ ಮಾಡಿದಾಗಲೆಲ್ಲ ಅವಳ ಕಣ್ಣು ಜಗುಲಿಯ ಕಡೆಗೇ ಇರುತ್ತಿತ್ತು.

ಕೊನೆಗೆ ಒಂದು ದಿನ ಆತ್ತಾ ಬಂದರು. ಅವರ ಅಡುಗೆಯವಳು ಊರಿಗೆ ಹೋಗಿದ್ದಳು. ಅಮ್ಮ ಅಕ್ಕಿ ಬೇಳೆ ಸೇರಿಸಿ ಮಾಡುವ ಅನ್ನ ಮಾಡಿದ್ದಳು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಮಾಡುವ ಅಡುಗೆ ಅದು, ತುಪ್ಪ ಬೀಳದಿದ್ದರೆ ಗಂಟಲಲ್ಲಿ ಇಳಿಯುವುದಿಲ್ಲ. ಆತ್ತಾ ಗೋಡೆಗೆ ಒರಗದೆ ನೆಟ್ಟಗೆ ಕೂತರು. ನಾನು ಮಿಳ್ಳೆ ಹಿಡಿದು ಬಗ್ಗಿದೆ. ಅಂಗಡಿಯಲ್ಲಿ ತುಪ್ಪವನ್ನು ತಮಿಳಿನಲ್ಲಿ 'ನೈ' ಎಂದು ಕೇಳಿ ತರುತ್ತಿದ್ದವಳು ನಾನೇ. ಆದರೆ ಬಡಿಸುವುದನ್ನು ಕನ್ನಡದಲ್ಲಿ ಕಲಿತಿದ್ದೆ, ತಮಿಳಿನವರಿಗೆ ಅದುವರೆಗೆ ಬಡಿಸಿರಲಿಲ್ಲ. ಅಮ್ಮನ ಮಾತನ್ನು ಅಲ್ಲೇ ತಮಿಳು ಮಾಡಿಕೊಂಡೆ.

"ಸೋತ್ತುಲ ತುಪ್ಪ ಉಡಟ್ಟುಂಗಳಾ?"

ತಮಿಳಿನ ಕಿವಿಗೆ ತುಪ್ಪ ಎಂದರೆ ಉಗುಳುವುದು. ಅನ್ನದ ಮೇಲೆ ಉಗುಳಲು ಬಿಡಲೇ ಎಂದು ನಾನು ಮರ್ಯಾದೆಯಿಂದ ಕೇಳಿದ್ದೆ. ಆತ್ತಾ ಎಲೆಗೆ ಕೈ ಅಡ್ಡ ಹಿಡಿದರು. ಬೇಡ ಅಂದರೂ ಇನ್ನೊಂದು ಸಲ ಕೇಳಬೇಕಲ್ಲ, ನಾನು ಇನ್ನೂ ಸ್ವಲ್ಪ ಗಟ್ಟಿಯಾಗಿ ಕೇಳಿದೆ. ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮನ ಮುಖ ಬಿಳಿಚಿಕೊಂಡಿತು.

ಆತ್ತಾ ಮಿಳ್ಳೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೈ ತೆಗೆದು, ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ, "ಉಡು ಕಣ್ಣು, ನಲ್ಲಾ ತುಪ್ಪ ಉಡು" ಎಂದರು. ಬಿಡು ಮಗೂ, ಚೆನ್ನಾಗಿ ತುಪ್ಪ ಬಿಡು ಎಂದು. ಎರಡು ಸಲ ಅನ್ನ ಹಾಕಿಸಿಕೊಂಡರು.

ಅಮ್ಮ ಅಂದುಕೊಂಡದ್ದು ನಡೆದಿತ್ತು. ಆದರೆ ಅವಳಿಗೆ ಕಂಡದ್ದು ಅವಮಾನ ಮಾತ್ರ. ಸಂಜೆ ಪಾತ್ರೆ ತೊಳೆಯುತ್ತ ನನಗೆ ಹೇಳಿದಳು: "ಇನ್ಮೇಲೆ ಮನೇಲೂ ನೈ ಅಂತಾನೇ ಅನ್ನು. ಒಳಗೊಂದು ಹೊರಗೊಂದು ಇದ್ರೆ ನಾಲಿಗೆ ತಡುಮಾರ್ತದೆ." ನೈ ಹಿಂದೆಯೇ ತಯಿರು ಬಂತು, ಮೋರು ಬಂತು. ಮೊಸರು ಮಜ್ಜಿಗೆಗಳು ಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ತಂಗಿ ಆಗ ತೊಟ್ಟಿಲಲ್ಲಿದ್ದಳು.

ಸ್ವಲ್ಪ ದಿನಕ್ಕೆ ಆತ್ತಾ ವೆಳ್ಳಕೋಯಿಲ್‌ನಲ್ಲಿದ್ದ ಮಗಳ ಮನೆಗೆ ಹೋದರು. ಹಲವು ವರ್ಷ ಅಲ್ಲೇ ಇದ್ದು ತಿರುಗಿ ಬಂದಾಗ ಮಾರನೆಯ ದಿನವೇ ನಮ್ಮ ಜಗುಲಿಗೆ ಬಂದು ಪೀಕದಾನಿ ಇಟ್ಟರು. ಕರೆಯುವ ಮೊದಲೇ ಒಳಗೆ ಬಂದು ಎಲೆಯ ಮುಂದೆ ಕೂತರು. ಅಂದು ಅಕ್ಕಿ ಬೇಳೆ ಅನ್ನ ಮಾಡಿದವಳು ನಾನು. ಮಿಳ್ಳೆ ತಂಗಿಯ ಕೈಗೆ ಬಂದಿತ್ತು.

ಆತ್ತಾ ನನ್ನ ಕಡೆ ಕಣ್ಣು ಮಿಟುಕಿಸಿ ಅವಳನ್ನು ಕೇಳಿದರು, "ಕಣ್ಣು, ತುಪ್ಪ ಎಂಗ?" ತುಪ್ಪ ಎಲ್ಲಿ ಎಂದು.

ತಂಗಿ ಮಿಳ್ಳೆ ಕೆಳಗಿಟ್ಟು ಜಗುಲಿಗೆ ಓಡಿದಳು. ಎರಡೂ ಕೈಯಲ್ಲಿ ಪೀಕದಾನಿ ಎತ್ತಿ ತಂದು ಎಲೆಯ ಪಕ್ಕದಲ್ಲಿಟ್ಟು, ಕೆಲಸ ಸರಿಯಾಗಿ ಮಾಡಿದವಳ ಹಾಗೆ ನಿಂತಳು.

ನಾನು ನಗಬೇಕಿತ್ತು, ನಗು ಬರಲಿಲ್ಲ. ಆತ್ತಾ ಕೂಡ ನಗಲಿಲ್ಲ. "ಏಮ್ಮಾ, ಇವಳುಕ್ಕು ನೀ ಸೊಲ್ಲಿಯೇ ಕುಡುಕ್ಕಲಿಯಾ?" ಎಂದು ಅಮ್ಮನನ್ನು ಕೇಳಿದರು. ಇವಳಿಗೆ ನೀನು ಹೇಳಿಕೊಡಲೇ ಇಲ್ಲವಾ ಎಂದು. ಗದರಿಕೆ ಇರಲಿಲ್ಲ, ನಿಜಕ್ಕೂ ಬೇಜಾರಾಗಿ ಕೇಳಿದ ಹಾಗಿತ್ತು. ನನಗೆ ಅಮ್ಮನ ಮೇಲೆ ಸಿಟ್ಟು ಬಂತು, ಅವಳ ಮುಖ ನೋಡಿದ ಮೇಲೆ ಅದು ಉಳಿಯಲಿಲ್ಲ.

ಅಮ್ಮ ಪೀಕದಾನಿಯನ್ನು ಹೊರಗಿಟ್ಟು ಕೈ ತೊಳೆದು ಬಂದಳು. ತಂಗಿಯ ಕೈಯನ್ನೂ ತೊಳೆಸಿ ಮಿಳ್ಳೆ ಕೊಟ್ಟಳು.

"ಕೇಳು ಪಾಪಾ. ತುಪ್ಪ ಬಿಡ್ಲಾ ಅಂತ ಕೇಳು."

ತಂಗಿ ಅಮ್ಮನ ಬಾಯನ್ನೇ ನೋಡುತ್ತ, ಹೊಸ ಪಾಠ ಒಪ್ಪಿಸುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. ಆತ್ತಾ ಎಲೆಯ ಮೇಲಿನ ಅನ್ನಕ್ಕೆ ಬೆರಳಿನಿಂದ ಗುಣಿ ಮಾಡಿ, "ಉಡು ಕಣ್ಣು" ಎಂದರು. ತಂಗಿ ಬಗ್ಗಿದವಳು ಹಾಗೇ ನಿಂತು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಅಕ್ಕಾ, ಇದು ನೈ ತಾನೇ?"